ನಂಜನಗೂಡಿನಿಂದ ಏನು ತಂದಿರಿ, ಮಕ್ಕಳೇ?

ರಜೆಯಲ್ಲಿ ಮಕ್ಕಳನ್ನು ಯಾವ ಊರಿಗೇ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಅವರ ಕೈಯಲ್ಲಿ ಏನಾದರೂ ಇರಲೇಬೇಕು. ಜಾತ್ರೆಯಾದರೆ ಬಲೂನು, ಪೀಪಿ. ಮೃಗಾಲಯವಾದರೆ ಪ್ಲಾಸ್ಟಿಕ್ ಹುಲಿ. ಥೀಮ್ ಪಾರ್ಕ್ ಆದರೆ ಟೋಪಿ, ಕೀಚೈನು, ಮಿಣಿಮಿಣಿ ದೀಪದ ಬಳೆ. ಎಂಟು ದಿನ ಕಳೆಯುವಷ್ಟರಲ್ಲಿ ಪೀಪಿ ಒಡೆದಿರುತ್ತದೆ, ಹುಲಿಯ ಕಾಲು ಮುರಿದಿರುತ್ತದೆ, ಬಳೆಯ ಸೆಲ್ ಮುಗಿದಿರುತ್ತದೆ. "ಅಲ್ಲಿ ಏನು ನೋಡಿದೆ ಪುಟ್ಟಾ?" ಎಂದು ಕೇಳಿದರೆ ಮಗು ತಲೆ ಕೆರೆದುಕೊಳ್ಳುತ್ತದೆ.

ಮಕ್ಕಳಿಗೆ ಕೂಡಿಡುವ ಆಸೆ ಇರುವುದು ಸಹಜ. ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ, ನವಿಲುಗರಿ ಕೂಡಿಟ್ಟವರು ನಾವೂ ಅಲ್ಲವೇ? ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮಕ್ಕಳು ಕೊರಳಿಗೆ ಪಟ್ಟಿ ಹಾಕಿಕೊಂಡು, ಅದಕ್ಕೆ ಬಣ್ಣಬಣ್ಣದ ಪಿನ್ನುಗಳನ್ನು ಚುಚ್ಚಿಕೊಂಡು, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತಾರೆ. ಈ ಆಟ ಅಲ್ಲಿ 1999ರಲ್ಲಿ ಶುರುವಾಯಿತು. ಅದಕ್ಕಿಂತ ಹಳೆಯದು ನಾಣ್ಯ ಒತ್ತುವ ಯಂತ್ರ. ಒಂದು ಸೆಂಟಿನ ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ, ನಾಣ್ಯ ಚಪ್ಪಟೆಯಾಗಿ ಅದರ ಮೇಲೆ ಆ ಊರಿನ ಚಿತ್ರ ಮೂಡಿ ಬರುತ್ತದೆ. ಅಮೆರಿಕದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1893ರ ಷಿಕಾಗೊ ಮಹಾ ಪ್ರದರ್ಶನದಲ್ಲಿ. ಅದೇ ವರ್ಷ ಅದೇ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ನಮ್ಮ ವಿವೇಕಾನಂದರು ಮಾತನಾಡಿದ್ದು.

ಹೋದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ನಮ್ಮ ಮೊಮ್ಮಕ್ಕಳು ಮೈಸೂರಿಗೆ ಬಂದರು. ಹುಡುಗಿಗೆ ಹನ್ನೊಂದು ವರ್ಷ, ಹುಡುಗನಿಗೆ ಏಳು. ಒಂದು ದಿನ ನೀರಿನ ಆಟದ ಪಾರ್ಕಿಗೆ ಹೋಗಿ ಕುಣಿದು ಬಂದದ್ದಾಯಿತು. ಇನ್ನೆರಡು ದಿನ ನಂಜನಗೂಡು ಮತ್ತು ಟಿ. ನರಸೀಪುರ ಎಂದು ನಾನು ಹೇಳಿದೆ. ಅವರ ಅಜ್ಜಿಯ ತವರು ನರಸೀಪುರ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಆಕೆ ತವರೂರು ನೋಡಿ ಐದು ವರ್ಷವಾಗಿತ್ತು. "ನೀವು ಹೋಗಿ ಬನ್ನಿ. ನನಗೆ ಗೊಂಬೆ ಗಿಂಬೆ ಏನೂ ಬೇಡ. ಊರನ್ನೇ ಒಂದಿಷ್ಟು ತಗೊಂಡು ಬನ್ನಿ," ಎಂದಳು.

ಊರನ್ನು ತರುವುದು ಹೇಗೆ? ಬಸ್ಸು ಹತ್ತುವ ಮುಂಚೆ ನಾವು ಮೂವರೂ ಕೂತು ನಾಲ್ಕು ನಿಯಮ ಬರೆದುಕೊಂಡೆವು.

ಒಂದು: ತರುವ ವಸ್ತುವಿನ ಬಗ್ಗೆ ಮನೆಯಲ್ಲಿ ಉಳಿದವರಿಗೆ ಒಂದು ಕಥೆ ಹೇಳಲು ಬರಬೇಕು.
ಎರಡು: ನಾವು ತಂದದ್ದರಿಂದ ಆ ಊರಿಗೆ ಏನೂ ಕಡಿಮೆಯಾಗಬಾರದು.
ಮೂರು: ಇಬ್ಬರೂ ಒಂದೇ ವಸ್ತು ಕೂಡಿಡಬಾರದು. ಬೇರೆಬೇರೆ ಆದರೆ ಜಗಳವಿಲ್ಲ.
ನಾಲ್ಕು: ಖರ್ಚಿಗೆ ತಲೆಗೆ ನೂರು ರೂಪಾಯಿ. ಉಳಿದರೆ ಅವರದೇ.

ಚಿಲ್ಲರೆಯಲ್ಲಿ ನಾಲ್ಕು ಊರು

ಚಿಕ್ಕವನಿಗೆ ನಾಣ್ಯಗಳನ್ನು ಕೊಟ್ಟೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಎಷ್ಟೋ ವರ್ಷ ಚಿಲ್ಲರೆ ಎಣಿಸಿದ ಕೈ ನನ್ನದು, ಆದ್ದರಿಂದ ಈ ವಿದ್ಯೆ ನನಗೆ ಸ್ವಲ್ಪ ಗೊತ್ತು.

ಮಕ್ಕಳೇ, ನಿಮ್ಮ ಹತ್ತಿರ ಇರುವ ಯಾವುದಾದರೂ ನಾಣ್ಯ ತೆಗೆದು ಇಸವಿಯ ಕೆಳಗೆ ನೋಡಿ. ಸಣ್ಣ ವಜ್ರದ ಆಕಾರ ಇದ್ದರೆ ಅದು ಮುಂಬಯಿಯ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದು. ಒಂದು ಚುಕ್ಕೆ ಇದ್ದರೆ ನೊಯಿಡಾ. ಏನೂ ಗುರುತಿಲ್ಲದಿದ್ದರೆ ಕೋಲ್ಕತ್ತ. ನಮ್ಮ ದೇಶದ ನಾಣ್ಯಗಳೆಲ್ಲ ಈಗ ಈ ನಾಲ್ಕು ಕಡೆಗಳಲ್ಲೇ ತಯಾರಾಗುತ್ತವೆ. ನಾಲ್ಕೂ ಗುರುತು ಒಂದೇ ಪ್ರವಾಸದಲ್ಲಿ ಸಿಗಬೇಕು ಎಂಬುದೇ ಆಟ.

ಅಮೆರಿಕದ ಹಾಗೆ ನಾಣ್ಯವನ್ನು ಚಪ್ಪಟೆ ಮಾಡುವಂತಿಲ್ಲ. ನಮ್ಮಲ್ಲಿ ನಾಣ್ಯ ಕರಗಿಸುವುದು, ಹಾಳುಮಾಡುವುದು ಕಾನೂನಿಗೆ ವಿರುದ್ಧ. ಅದರ ಬದಲು ನಾಣ್ಯದ ಮೇಲೆ ತೆಳು ಹಾಳೆ ಇಟ್ಟು, ಮೆತ್ತನೆಯ ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿ. ಇಸವಿ, ಗುರುತು, ಸಿಂಹ ಎಲ್ಲವೂ ಹಾಳೆಯಲ್ಲಿ ಮೂಡುತ್ತವೆ. ಪಕ್ಕದಲ್ಲಿ ಆ ನಾಣ್ಯ ಯಾರ ಕೈಯಿಂದ ಬಂತು ಎಂದು ಬರೆಯಿರಿ: ಕಂಡಕ್ಟರ್, ಹೂವಿನವರು, ಕಡಲೆಕಾಯಿ ಮಾರುವವರು. ಆಮೇಲೆ ನಾಣ್ಯವನ್ನು ಖರ್ಚು ಮಾಡಬಹುದು! ಸಂಗ್ರಹ ಪುಸ್ತಕದಲ್ಲಿ ಉಳಿಯಿತು, ದುಡ್ಡು ಮತ್ತೆ ಊರಿಗೆ ಹೋಯಿತು.

ಒಂದು ತೊಂದರೆ ಎಂದರೆ, ಈಗ ಹೂವಿನ ಬುಟ್ಟಿಯ ಮುಂದೆಯೂ ಕ್ಯೂಆರ್ ಕೋಡ್ ನೇತಾಡುತ್ತದೆ. ಫೋನಿನಲ್ಲಿ ಹಣ ಕೊಟ್ಟರೆ ಚಿಲ್ಲರೆ ವಾಪಸ್ ಬರುವುದಿಲ್ಲ. ಅಜ್ಜ ಅಜ್ಜಿಯರು ಆ ದಿನದ ಮಟ್ಟಿಗೆ ನೋಟುಗಳನ್ನು ಇಟ್ಟುಕೊಂಡು ಹೊರಡಬೇಕು. ನೋಟು ಕೊಡುವಾಗಲೂ ಒಂದು ಪಾಠ ಆಗುತ್ತದೆ. ತಿಳಿ ನೀಲಿ ಬಣ್ಣದ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ. ಹದಿನೈದು ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ.

ನಮ್ಮ ಪಿನ್ನು ಬೇರೆ

ದೊಡ್ಡವಳು ಅಂಚೆ ಮೊಹರು ಆರಿಸಿಕೊಂಡಳು. ಪ್ರತಿ ಊರಿನ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು, ಅಲ್ಲೇ ನಿಂತು ನಾಲ್ಕು ಸಾಲು ಬರೆದು, ಅಜ್ಜಿಯ ವಿಳಾಸಕ್ಕೆ ಹಾಕುವುದು. ಕಾರ್ಡಿನ ಮೇಲೆ ಆ ಊರಿನ ಹೆಸರು, ತಾರೀಖು ಇರುವ ದುಂಡು ಮೊಹರು ಬಿದ್ದು ಮನೆಗೆ ಬರುತ್ತದೆ. ಬೆಲೆ ಒಂದು ಚಾಕೊಲೇಟಿಗಿಂತ ಕಡಿಮೆ. ಕೌಂಟರಿನಲ್ಲಿ ವಿನಯದಿಂದ ಕೇಳಿದರೆ ಮೊಹರು ಸ್ಪಷ್ಟವಾಗಿ ಒತ್ತಿ ಕೊಡುತ್ತಾರೆ. ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಕಾರ್ಡಿನಲ್ಲಿ ಪಿನ್‌ಕೋಡ್ ಬರೆಯುವಾಗ ಅವಳು, "ತಾತ, ಅಮೆರಿಕದವರದು ಚುಚ್ಚೋ ಪಿನ್ನು, ನಮ್ಮದು ಬರೆಯೋ ಪಿನ್ನು," ಎಂದು ನಕ್ಕಳು. ನಂಜನಗೂಡಿನದು 571301. ಟಿ. ನರಸೀಪುರದ್ದು 571124. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ಬರೆದರೆ ಸಾಕಿತ್ತು.

ಬಸ್ ಟಿಕೆಟ್ಟನ್ನೂ ಅವಳು ಜೋಪಾನ ಮಾಡಿದಳು. ಅವಳದು ಶಕ್ತಿ ಯೋಜನೆಯ ಟಿಕೆಟ್, ದರದ ಜಾಗದಲ್ಲಿ ಸೊನ್ನೆ. ತಮ್ಮನಿಗೆ ಅರ್ಧ ಟಿಕೆಟ್. "ನಾನು ಗೌರ್ಮೆಂಟ್ ಗೆಸ್ಟ್," ಎಂದು ಅವನನ್ನು ದಾರಿಯುದ್ದಕ್ಕೂ ರೇಗಿಸಿದಳು. ಯಂತ್ರದಿಂದ ಬರುವ ಈ ಚೀಟಿಗಳ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಎ.ಟಿ.ಎಂ. ಚೀಟಿಯೂ ಹಾಗೆಯೇ. ಅಂಟಿಸಿದ ಮೇಲೆ ಪಕ್ಕದಲ್ಲಿ ಪೆನ್ನಿನಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಎಂದು ಬರೆದಿಟ್ಟರೆ ಒಳ್ಳೆಯದು.

ನಂಜನಗೂಡಿನಲ್ಲಿ ಎಣಿಸಿದ್ದು, ರುಚಿ ನೋಡಿದ್ದು

ಶ್ರೀಕಂಠೇಶ್ವರನ ಗುಡಿಯ ಗೋಪುರ ದೂರದಿಂದಲೇ ಕಾಣುತ್ತದೆ. ಒಂಬತ್ತು ಅಂತಸ್ತು, 120 ಅಡಿ ಎತ್ತರ, ತುದಿಯಲ್ಲಿ ಏಳು ಕಳಶ. ಕಳಶಗಳನ್ನು ಯಾರು ಮೊದಲು ಸರಿಯಾಗಿ ಎಣಿಸುತ್ತಾರೆ ಎಂದು ಪಂದ್ಯ ಕಟ್ಟಿದೆ. ಚಿಕ್ಕವನೇ ಗೆದ್ದ. ಗುಡಿಯ ಉದ್ದ 385 ಅಡಿ, ಅಗಲ 160 ಅಡಿ, ಒಳಗೆ 147 ಕಂಬಗಳು. ಕಂಬ ಎಣಿಸಲು ಹೊರಟ ಇಬ್ಬರೂ ಜನಸಂದಣಿಯಲ್ಲಿ ನಲವತ್ತರ ಹತ್ತಿರ ಲೆಕ್ಕ ತಪ್ಪಿ, ಮೊದಲಿನಿಂದ ಶುರುಮಾಡಿ, ಮತ್ತೆ ತಪ್ಪಿದರು. ಪುಸ್ತಕದಲ್ಲಿ "ಇನ್ನೊಂದು ಸಲ ಬರಬೇಕು" ಎಂದು ಬರೆದುಕೊಂಡರು.

ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಅವನು ಇಲ್ಲಿಯ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆ ಲಿಂಗ ಅರ್ಪಿಸಿದನೆಂದೂ ಪ್ರತೀತಿ. ಹಕೀಂ ಎಂದರೆ ವೈದ್ಯ. ಮಕ್ಕಳಿಗೆ ಈ ಕಥೆ ಬಹಳ ಹಿಡಿಸಿತು. ಚಿತ್ರ ಬರೆಯಲು ಬಾರದ ಚಿಕ್ಕವನೂ ಕನ್ನಡಕ ಹಾಕಿಕೊಂಡ ಒಂದು ಆನೆ ಬರೆದ.

ಗುಡಿಯಿಂದ ಹೊಳೆಗೆ ಇಳಿದರೆ ಸ್ನಾನಘಟ್ಟದ ಬಳಿ ಹದಿನಾರು ಕಾಲು ಮಂಟಪ. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಕಪಿಲೆ ಉಕ್ಕಿ ಈ ಮಂಟಪವನ್ನು ಮುಳುಗಿಸುತ್ತಾಳೆ. ಘಟ್ಟದಲ್ಲಿದ್ದ ಒಬ್ಬ ಹಿರಿಯರನ್ನು ದೊಡ್ಡವಳು, "ಅಜ್ಜ, ನೀರು ಎಲ್ಲಿ ತನಕ ಬಂದಿತ್ತು?" ಎಂದು ಕೇಳಿದಳು. ಅವರು ಕೈ ಎತ್ತಿ ತೋರಿಸಿದ ಎತ್ತರ ನೋಡಿ ಇಬ್ಬರೂ ಬಾಯಿ ಬಿಟ್ಟರು. ಇಂಥ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದೂ ಸಂಗ್ರಹವೇ. ದಿನಕ್ಕೆ ಒಬ್ಬರನ್ನು ಒಂದು ಪ್ರಶ್ನೆ ಕೇಳಿದರೆ ಸಾಕು. ಊರಿನ ಹಳೆಯ ಸೇತುವೆಯನ್ನೂ ನೋಡಿದೆವು. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದು. ಮುಂದೆ ಇದರ ಮೇಲೆ ರಸ್ತೆ, ರೈಲು ಎರಡೂ ಓಡಿದವು. ನಾನು ಮೀಟರ್ ಗೇಜ್ ರೈಲಿನಲ್ಲಿ ಇದನ್ನು ದಾಟಿದ್ದೇನೆ ಎಂದಾಗ ಮಕ್ಕಳು ನನ್ನನ್ನೇ ಒಂದು ಪುರಾತನ ವಸ್ತುವಿನಂತೆ ನೋಡಿದರು.

ತಿನ್ನುವುದರಲ್ಲಿ ಇಲ್ಲಿಯ ನೆನಪು ರಸಬಾಳೆ. ಸಿಪ್ಪೆ ಕಪ್ಪಾದರೂ ಒಳಗಿನ ತಿರುಳು ಕೆಡದೆ ಘಮಘಮ ಎನ್ನುತ್ತದೆ. ಭೌಗೋಳಿಕ ಗುರುತು ಪಡೆದ ಹಣ್ಣು ಇದು. ಒಂದು ಕಾಲದಲ್ಲಿ ದೇವರಸನಹಳ್ಳಿಯ ಸುತ್ತ ತೋಟಗಟ್ಟಲೆ ಇತ್ತು. ಬೇರಿಗೆ ತಗಲುವ ಪನಾಮ ಸೊರಗು ರೋಗದಿಂದ ಬೆಳೆ ಬಹಳ ಕುಗ್ಗಿತು. ಹುಡುಕಿ ಹುಡುಕಿ ಒಂದು ಅಂಗಡಿಯಲ್ಲಿ ಸಿಕ್ಕಿತು. ಒಬ್ಬೊಬ್ಬರಿಗೆ ಒಂದೊಂದು, ಅಜ್ಜಿಗೆ ಎರಡು. ಹಣ್ಣನ್ನು ಕೂಡಿಡಲಾಗದು, ರುಚಿಯನ್ನು ಬರೆದಿಡಬಹುದು. "ಪಚ್ಚಬಾಳೆಗಿಂತ ಸಣ್ಣದು, ಜೇನಿನ ಹಾಗೆ" ಎಂಬುದು ಏಳು ವರ್ಷದವನ ವರದಿ.

ನೂರು ರೂಪಾಯಿಯಲ್ಲಿ ಕೊಂಡದ್ದು ಒಂದೇ ವಸ್ತು, ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಪುಡಿ. ಬೆರಳಲ್ಲಿ ಹಲ್ಲುಜ್ಜಿದ ತಲೆಮಾರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಹೋದ ಮೇಲೆ ತಿಂಗಳುಗಟ್ಟಲೆ ಪ್ರತಿ ಬೆಳಗ್ಗೆ ನಂಜನಗೂಡು ನೆನಪಾಗುತ್ತದೆ. ಕೊಳ್ಳುವುದಾದರೆ ಹೀಗೆ ದಿನಬಳಕೆಗೆ ಬರುವುದನ್ನು, ಆ ಊರಿನ ಹೆಸರಿರುವುದನ್ನು ಕೊಳ್ಳಿ.

ಗುಲಗಂಜಿಯ ತೂಕ

ಮಾರನೆಯ ದಿನ ಟಿ. ನರಸೀಪುರ. ಕಾವೇರಿ, ಕಪಿಲಾ ಮತ್ತು ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ತಿರುಮಕೂಡಲು. 1989ರಲ್ಲಿ ಆರಂಭವಾದ ಕುಂಭಮೇಳ ನಡೆಯುವುದು ಇಲ್ಲೇ. ಹೊಳೆಯ ದಂಡೆಯ ದೇವರು ಗುಂಜಾ ನರಸಿಂಹಸ್ವಾಮಿ. ಗುಂಜಾ ಎಂದರೆ ಗುಲಗಂಜಿ. ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬುದು ಇಲ್ಲಿಯವರ ನಂಬಿಕೆ.

ಒಂದು ಗುಲಗಂಜಿ ಎಷ್ಟು ತೂಗುತ್ತದೆ? ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಇದನ್ನೇ ಬಳಸುತ್ತಿದ್ದರು. ತೊಲಕ್ಕೆ 96 ಎಂದು ಲೆಕ್ಕ. ಅಂದರೆ ಒಂದರ ತೂಕ ಸುಮಾರು 0.12 ಗ್ರಾಂ. 2011ರ ಮಾದರಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ. ಹಾಗಾದರೆ ಒಂದು ರೂಪಾಯಿಗೆ ಎಷ್ಟು ಗುಲಗಂಜಿ? ದೊಡ್ಡವಳು ಬಸ್ಸಿನಲ್ಲೇ ಭಾಗಾಕಾರ ಮಾಡಿ "ಮೂವತ್ತೊಂದು ಚಿಲ್ಲರೆ" ಎಂದಳು. ನೀವೂ ಮಾಡಿ ನೋಡಿ.

ಆದರೆ ಗುಲಗಂಜಿ ಬೀಜಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಕೆಂಪು ಮೈ, ಕಪ್ಪು ಕಣ್ಣು ನೋಡಲು ಮುದ್ದಾಗಿದ್ದರೂ ಅದು ಕಡು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿತ್ರ ಬರೆದು ಕೆಂಪು, ಕಪ್ಪು ಬಣ್ಣ ತುಂಬಿದರೆ ಸಾಕು.

ಮಡಕೆಯ ಚೂರು

ಹೊಳೆಯ ದಂಡೆಯಲ್ಲಿ ಚಿಕ್ಕವನು ಬಗ್ಗಿ ಒಂದು ಮಡಕೆಯ ಚೂರು ಎತ್ತಿಕೊಂಡ. ಹೊರಗೆ ಕೆಂಪು, ಒಳಗೆ ಕಪ್ಪು. "ತಾತ, ಇದನ್ನ ತಗೋಬಹುದಾ?"

ಅದು ಹೋದ ವರ್ಷ ಒಡೆದ ಗಡಿಗೆಯೂ ಇರಬಹುದು. ಆದರೆ ಇದು ಸಾಮಾನ್ಯ ದಂಡೆಯಲ್ಲ. 1960ರ ಸುಮಾರಿಗೆ ಪುರಾತತ್ತ್ವ ಇಲಾಖೆಯವರು ಇಲ್ಲಿ ಅಗೆದಾಗ ನವಶಿಲಾಯುಗದ ಜನರ ಗುರುತುಗಳು ಸಿಕ್ಕವು. ಕಲ್ಲಿನ ಕೊಡಲಿ ಹಿಡಿದು ಬದುಕಿದ ಜನ ಅವರು, ಸಾವಿರಾರು ವರ್ಷಗಳ ಹಿಂದಿನವರು. ಇಲ್ಲಿ ಮತ್ತು ಹತ್ತಿರದ ಹೆಮ್ಮಿಗೆಯಲ್ಲಿ ಸುಟ್ಟ ಮಣ್ಣಿನ ತಲೆದಿಂಬು ಕೂಡ ದೊರೆತಿದೆ. ಚೂರು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಎಂಬುದರಿಂದಲೇ ಅದರ ಕಾಲ ತಿಳಿಯುವುದು. ಜೇಬಿಗೆ ಹೋದರೆ ಅದು ಬರಿಯ ಬೋಕಿ. ಪ್ರಾಚೀನ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನೂ ಇದೆ.

ಅವನ ಮುಖ ಸಣ್ಣದಾಯಿತು. ಎರಡು ದಿನಗಳಲ್ಲಿ ಅವನು ತಾನಾಗಿ ಹುಡುಕಿದ ಒಂದೇ ವಸ್ತು ಅದು. ಅಕ್ಕ ಪುಸ್ತಕ ತೆರೆದು, "ಇದರ ಮೇಲೆ ಇಡು, ಸುತ್ತ ಗೆರೆ ಎಳಿ," ಎಂದಳು. ಅವನು ನಿಧಾನವಾಗಿ ಗೆರೆ ಎಳೆದ. ಒಳಗೆ 'ಕಪ್ಪು', ಹೊರಗೆ 'ಕೆಂಪು' ಎಂದು ಬರೆದ. ಚೂರನ್ನು ತೆಗೆದ ಜಾಗದಲ್ಲೇ ಇಟ್ಟು ಬಂದ.

ಹೀಗೆ ಮಾಡಿಯೇ ದೊಡ್ಡ ಸಂಗ್ರಾಹಕರಾದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೈಸೂರು ಸಂಸ್ಥಾನದಲ್ಲಿ ಊರೂರು ಸುತ್ತಿ ಸುಮಾರು 9 ಸಾವಿರ ಶಾಸನಗಳನ್ನು ಸಂಗ್ರಹಿಸಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಶಾಸನಗಳು 1894ರ ಸಂಪುಟದಲ್ಲಿವೆ. ಶಾಸನದ ಪ್ರತಿ ತೆಗೆಯುವವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುತ್ತಾರೆ. ಕಾಗದ ಕಚೇರಿಗೆ ಹೋಗುತ್ತದೆ, ಕಲ್ಲು ಊರಲ್ಲೇ ಇರುತ್ತದೆ.

ಮಲ್ಲಿತಮ್ಮನ ರುಜು

ಇದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 1268ರದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಕಡೆ ಮಕ್ಕಳಿಗೆ "ಶಿಲ್ಪಕಲೆ ನೋಡು" ಎಂದರೆ ಐದು ನಿಮಿಷಕ್ಕೆ ಬೇಸರ. ಅವರಿಗೆ ಹುಡುಕುವ ಕೆಲಸ ಕೊಡಿ. ಇಲ್ಲಿಯ ಶಿಲ್ಪಿಗಳು ತಮ್ಮ ಹೆಸರನ್ನು ವಿಗ್ರಹಗಳ ಪೀಠದಲ್ಲಿ ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಬಹಳ ಕಡೆ ಇದೆ. ಮಸಣಿತಮ್ಮ ಇನ್ನೊಬ್ಬ. ಅಕ್ಷರ ಹಳೆಯ ಕಾಲದ್ದು, ಆದರೂ ಕನ್ನಡವೇ. ಗೈಡ್ ಒಂದು ಕಡೆ ತೋರಿಸಿಕೊಟ್ಟರು. ಆಮೇಲೆ ಇಬ್ಬರೂ ಗೋಡೆಯ ಸುತ್ತ ತಾವೇ ಹುಡುಕಿ, ಕಂಡ ಅಕ್ಷರಗಳನ್ನು ನೋಡಿ ಬರೆದುಕೊಂಡರು. ಸಿನಿಮಾ ನಟರ ಆಟೋಗ್ರಾಫ್ ತೆಗೆದುಕೊಳ್ಳುವ ಹಾಗೆ ಏಳೂವರೆ ಶತಮಾನದ ಹಿಂದಿನ ಶಿಲ್ಪಿಯ ರುಜು ಸಿಕ್ಕಿತು. ಕಲ್ಲಿನ ಮೇಲೆ ಹಾಳೆ ಇಟ್ಟು ಉಜ್ಜಬಾರದು. ನಾಣ್ಯಕ್ಕೆ ಸರಿ, ಸಂರಕ್ಷಿತ ಶಿಲ್ಪಕ್ಕೆ ಸಲ್ಲದು.

ಅಜ್ಜಿಯ ಮುಂದೆ

ಆ ಸಂಜೆ ಮಕ್ಕಳು ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತರು. ನಾಣ್ಯದ ಹಾಳೆಯಲ್ಲಿ ವಜ್ರ, ನಕ್ಷತ್ರ, ಚುಕ್ಕೆ ಇದ್ದವು. ಕೋಲ್ಕತ್ತದ್ದು ಸಿಕ್ಕಿರಲಿಲ್ಲ. ಅಜ್ಜಿ ದೇವರ ಮನೆಯ ಡಬ್ಬಿಯಿಂದ ಒಂದು ತೆಗೆದುಕೊಟ್ಟಳು, "ಪ್ರವಾಸದಲ್ಲಿ ಸಿಗಬೇಕು ಅಂತ ರೂಲ್ಸು ಅಜ್ಜಿ," ಎಂದು ಚಿಕ್ಕವನು ವಾಪಸ್ ಕೊಟ್ಟ. ಮಡಕೆಯ ಚೂರಿನ ಗೆರೆಚಿತ್ರದ ಮೇಲೆ ಆಕೆ ಬಹಳ ಹೊತ್ತು ಬೆರಳಾಡಿಸಿದಳು. "ಯಾವ ಕಡೆ ಸಿಕ್ತು? ಮೆಟ್ಟಿಲಿನ ಎಡಕ್ಕಾ? ನಾನು ನಿಮ್ಮಷ್ಟಿದ್ದಾಗ ಅಲ್ಲೇ ಇಂಥವನ್ನ ಆರಿಸಿ ಕುಂಟೆಬಿಲ್ಲೆ ಆಡ್ತಿದ್ದೆವು," ಎಂದಳು. ಆಮೇಲೆ ಆಕೆ ಹೇಳಿದ ಹೊಳೆಯ ಕಥೆಗಳನ್ನು ದೊಡ್ಡವಳು ಅದೇ ಪುಟದ ಹಿಂದೆ ಬರೆದುಕೊಂಡಳು. ಆ ಕಥೆಗಳಲ್ಲಿ ಅರ್ಧದಷ್ಟನ್ನು ನಾನೂ ಕೇಳಿರಲಿಲ್ಲ, ನಮ್ಮ ಮದುವೆಯಾಗಿ ನಲವತ್ತೆಂಟು ವರ್ಷ. ಅಂಚೆ ಕಾರ್ಡುಗಳು ಮಕ್ಕಳು ಊರಿಗೆ ಹೊರಟ ಮೇಲೆ ಬಂದವು. ಈಗ ಅವು ಆಕೆಯ ದಿಂಬಿನ ಕೆಳಗಿವೆ.

ಹೊರಡುವ ಮುಂಚೆ

ನಿಮ್ಮ ಮನೆಯ ಮಕ್ಕಳಿಗೆ ಯಾವುದು ಹೊಂದುತ್ತದೆ ಎಂದು ಆರಿಸುವಾಗ ವಯಸ್ಸು ನೋಡಿ. ಆರರ ಒಳಗಿನವರಿಗೆ ಎಣಿಸುವುದು, ಬಣ್ಣ ಹಚ್ಚುವುದು, ಕೆಳಗೆ ಬಿದ್ದ ಒಂದು ಎಲೆ ಅಂಟಿಸುವುದು ಸಾಕು. ಆರರಿಂದ ಒಂಬತ್ತರವರಿಗೆ ನಾಣ್ಯ, ಟಿಕೆಟ್ಟು. ಹತ್ತು ದಾಟಿದವರಿಗೆ ಅಂಚೆ ಮೊಹರು, ಶಿಲ್ಪಿಗಳ ಹೆಸರು, ಹಿರಿಯರಿಗೆ ಪ್ರಶ್ನೆ. ಬರೆಯಲು ಸೋಮಾರಿತನ ಮಾಡುವ ಮಗುವಿಗೆ ಚಿತ್ರ, ಚಿತ್ರ ಬಾರದ ಮಗುವಿಗೆ ಲೆಕ್ಕ ಕೊಡಿ.

ತರಬಾರದ ಪಟ್ಟಿಯೂ ಇರಲಿ. ಗುಡಿಯ, ಕೋಟೆಯ ಕಲ್ಲು ಬೇಡ. ಹೊಳೆಯ ಜೀವಿಗಳು ಬೇಡ. ತಲಕಾಡಿಗೆ ಹೋದರೆ ಬಾಟಲಿಯಲ್ಲಿ ಮರಳು ತುಂಬಿಸಿಕೊಳ್ಳಲು ಎಲ್ಲ ಮಕ್ಕಳಿಗೂ ಆಸೆಯಾಗುತ್ತದೆ. ಹೋದವರೆಲ್ಲ ಒಂದೊಂದು ಬಾಟಲಿ ಎಂದರೆ ಎಷ್ಟಾಯಿತು ಎಂದು ಅವರಿಂದಲೇ ಗುಣಾಕಾರ ಮಾಡಿಸಿ. ನೀರಿನ ಹತ್ತಿರ ಮಾತ್ರ ಪುಸ್ತಕ, ಪೆನ್ಸಿಲ್ ಎಲ್ಲ ಚೀಲದೊಳಗೆ ಹಾಕಿ, ಮಕ್ಕಳ ಕೈ ನಿಮ್ಮ ಕೈಯಲ್ಲಿರಲಿ. ಸಂಗಮದಲ್ಲಿ ಸೆಳೆತ ಕಣ್ಣಿಗೆ ಕಾಣುವುದಿಲ್ಲ.

ಬೇಕಾದ ಸಾಮಾನು ಇಷ್ಟೇ: ನೂರು ಪುಟದ ನೋಟ್‌ಬುಕ್ಕು ತಲೆಗೊಂದು, ಎರಡು ಮೆತ್ತನೆಯ ಪೆನ್ಸಿಲು, ಒಂದು ಅಂಟಿನ ಕೊಳವೆ, ಹತ್ತಿಪ್ಪತ್ತರ ನೋಟುಗಳು, ಮನೆಯ ವಿಳಾಸ ಬರೆದ ಚೀಟಿ. ಮನೆಗೆ ಬಂದ ದಿನವೇ, ನಿದ್ದೆ ಬರುವ ಮುಂಚೆ, ಬರಲಾಗದೆ ಉಳಿದವರ ಮುಂದೆ ಪುಸ್ತಕ ತೆರೆಸಿ. ನಾಳೆ ಎಂದರೆ ಅರ್ಧ ಮರೆತಿರುತ್ತದೆ.